ಮೈಸೂರಿನ ಮತದಾನದ ಶಾಯಿ: ಬೆರಳಿಗೆ ಐದಕ್ಕೆ ಐದು, ಅದರಾಚೆಗೆ ಅದು ಹೊಣೆಯಲ್ಲ

ಅಂಗಡಿಯಲ್ಲಿ ಸಿಗದ ಸರಕೊಂದರ ವಿಮರ್ಶೆ ಇದು. ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಂಪನಿ ತಯಾರಿಸುವ ಅಳಿಸಲಾಗದ ಶಾಯಿ ಮಡಿಕೇರಿ ಪೇಟೆಯಲ್ಲಾಗಲಿ ಗೋಣಿಕೊಪ್ಪದ ಸಂತೆಯಲ್ಲಾಗಲಿ ಕಾಸು ಕೊಟ್ಟರೆ ಸಿಗುವುದಿಲ್ಲ. ಸರ್ಕಾರಗಳಿಗೆ, ಚುನಾವಣಾ ಆಯೋಗಗಳಿಗೆ ಮಾತ್ರ ಮಾರುತ್ತಾರೆ. ಆದರೂ ಹದಿನೆಂಟು ದಾಟಿದ ಬಹುತೇಕರ ಎಡಗೈ ತೋರುಬೆರಳಿಗೆ ಅದರ ಪರಿಚಯವಿದೆ. ಕಾರ್ಖಾನೆ 1937ರದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು. ಬೆರಳಿನ ಶಾಯಿ ಮಹಾಚುನಾವಣೆಗೆ ಬಂದದ್ದು 1962ರಲ್ಲಿ.

ಇದರ ಗುಟ್ಟು ಸಿಲ್ವರ್ ನೈಟ್ರೇಟ್. ಚರ್ಮದ ಬೆವರಿನಲ್ಲಿರುವ ಉಪ್ಪಿನ ಜತೆ ಸೇರಿ ಅದು ನೀರಿನಲ್ಲಿ ಕರಗದ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ಬಿದ್ದ ಮೇಲೆ ಕಪ್ಪಗಾಗುತ್ತದೆ. ಆದ್ದರಿಂದ ಹಾಕಿದ ಕೂಡಲೇ ತೆಳ್ಳಗೆ ನೇರಳೆಯಾಗಿ ಕಂಡರೆ ಶಾಯಿ ನಕಲಿಯೆಂದು ಗಾಬರಿಯಾಗಬೇಕಿಲ್ಲ, ಬಣ್ಣ ಏರಲು ಸ್ವಲ್ಪ ಹೊತ್ತು ಬೇಕು. ಚರ್ಮದ ಮೇಲಿನದು ಕೆಲವು ದಿನಗಳಲ್ಲಿ ಸವೆದು ಹೋಗುತ್ತದೆ. ಉಗುರಿನ ಮೇಲಿನದು ಉಗುರು ಬೆಳೆದು ಕತ್ತರಿಸುವ ತನಕ ಇರುತ್ತದೆ. ಉಗುರಿನ ಮೇಲಿಂದ ಮೊದಲ ಗಂಟಿನ ಕೆಳಗಿನವರೆಗೆ ಉದ್ದ ಗೆರೆ ಎಳೆಯುವ ಕ್ರಮ 2006ರಿಂದ ಬಂದಿದೆ, ಅದಕ್ಕೆ ಮೊದಲು ಉಗುರಿನ ಬುಡದಲ್ಲಿ ಒಂದು ಗುರುತು ಸಾಕಿತ್ತು. 10 ಮಿ.ಲೀ. ಸೀಸೆಯೊಂದು ಸುಮಾರು 700 ಮಂದಿಗೆ ಸಾಕಾಗುತ್ತದೆ.

ಶಾಯಿ ಕೈಕೊಟ್ಟಿತು ಎಂಬ ದೂರುಗಳಲ್ಲಿ ಹೆಚ್ಚಿನವು ಹಾಕುವವರ ಅವಸರದಿಂದ ಬಂದವು. ಮಸ್ಟರಿಂಗ್ ಕೇಂದ್ರದಲ್ಲಿ ಸಾಮಾನು ತೆಗೆದುಕೊಳ್ಳುವಾಗಲೇ ಸೀಸೆಯ ಬಿರಡೆ ಬಿಗಿಯಾಗಿದೆಯೇ, ಒಳಗೆ ಸಾಕಷ್ಟು ಶಾಯಿ ಇದೆಯೇ ನೋಡಿಕೊಳ್ಳಬೇಕು. ಮತಗಟ್ಟೆಯಲ್ಲಿ ಅಗಲ ಬುಡದ ಡಬ್ಬಿಗೆ ಮರಳೋ ಸಡಿಲ ಮಣ್ಣೋ ತುಂಬಿ ಸೀಸೆಯ ಮುಕ್ಕಾಲು ಭಾಗ ಅದರಲ್ಲಿ ಹೂತಿಡಬೇಕು. ಶಾಲೆಯ ಅಲ್ಲಾಡುವ ಡೆಸ್ಕಿನ ಮೇಲೆ ಹಾಗೇ ನಿಲ್ಲಿಸಿದರೆ ಉರುಳುವುದು ಖಂಡಿತ. ಬೆರಳಿನಲ್ಲಿ ಎಣ್ಣೆಯ ಪಸೆ ಇದ್ದರೆ ಬಟ್ಟೆಯಿಂದ ಒರೆಸಿಯೇ ಹಾಕಬೇಕು. ತೆಂಗಿನೆಣ್ಣೆ ಸವರಿಕೊಂಡು ಬರುವುದು ಹಳೇ ಉಪಾಯ. ನಮ್ಮ ಕೊಡಗಿನ ಕಡೆ ಅಷ್ಟೆಲ್ಲ ಉಪಾಯ ಬೇಡ, ಏಪ್ರಿಲ್‌ ಮಳೆಯಲ್ಲಿ ತೋಟದ ಕಾರ್ಮಿಕರ ಲೈನ್‌ಮನೆಯಿಂದ ನೆನೆದು ಬಂದವರ ಒದ್ದೆ ಕೈಯೇ ಸಾಕು. ಶಾಯಿ ಮೊದಲು, ಸಹಿ ಆಮೇಲೆ. ಸಹಿ ಹಾಕುವ ಹೊತ್ತು ಅದು ಆರುವ ಹೊತ್ತು. ಮತಯಂತ್ರದ ಬಳಿಯ ಅಧಿಕಾರಿ ಗುರುತು ಇನ್ನೂ ಇದೆಯೇ ಎಂದು ನೋಡಿಯೇ ಒಳಗೆ ಬಿಡಬೇಕು, ಸರದಿ ಉದ್ದವಾದಾಗ ತಪ್ಪಿಹೋಗುವುದು ಇದೇ. ಎಡ ತೋರುಬೆರಳಿಲ್ಲದವರಿಗೆ ಎಡಗೈಯ ಬೇರೆ ಬೆರಳು, ಎಡಗೈಯೇ ಇಲ್ಲದಿದ್ದರೆ ಬಲಗೈ. ನಿಯಮ ಅಲ್ಲಿಯವರೆಗೂ ಯೋಚಿಸಿದೆ.

ಒಬ್ಬ ಎರಡು ಸಲ ಮತ ಹಾಕದಂತೆ ತಡೆಯುವ ಸರಕಾಗಿ ಇದಕ್ಕೆ ಐದಕ್ಕೆ ಐದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಈ ಶಾಯಿ ಇಪ್ಪತ್ತೈದಕ್ಕೂ ಹೆಚ್ಚು ದೇಶಗಳಿಗೆ ಹೋಗಿದೆ. ಸರ್ವಾಧಿಕಾರದಿಂದ ಹೊರಬರುತ್ತಿರುವ ದೇಶದ ಮೊದಲ ಚುನಾವಣೆಯ ಫೋಟೊಗಳಲ್ಲಿ ಬಣ್ಣದ ಬೆರಳು, ಇಲ್ಲಿಯದಾಗಲಿ ಬೇರೆ ಕಡೆಯದಾಗಲಿ, ಇದ್ದೇ ಇರುತ್ತದೆ. ಜಗತ್ತು ಆ ಫೋಟೊ ನೋಡಿ ಅಲ್ಲಿ ಪ್ರಜಾಪ್ರಭುತ್ವ ಬಂತು ಎಂದುಕೊಳ್ಳುತ್ತದೆ. ಶಾಯಿ ಕಾಯುವುದು ಮತದಾನದ ದಿನವನ್ನು. ದೇಶ ಮುರಿದು ಬೀಳುವುದು ಎಣಿಕೆ ಮುಗಿದ ಮರುದಿನ.

ಇದೇ ಶಾಯಿ ಕೊಂಡ ದೇಶಗಳಲ್ಲೊಂದು ಕಾಂಬೋಡಿಯಾ. ಅಲ್ಲಿ 1993ರ ಚುನಾವಣೆಯನ್ನು ವಿಶ್ವಸಂಸ್ಥೆಯೇ ನಿಂತು ನಡೆಸಿತು, ಸುಮಾರು ಶೇ. 90 ಮಂದಿ ಮತ ಹಾಕಿದರು. 120 ಸ್ಥಾನಗಳಲ್ಲಿ ರಾಜಕುಮಾರ ರಣರಿದ್ಧ್‌ರ ಪಕ್ಷಕ್ಕೆ 58, ಅಧಿಕಾರದಲ್ಲಿದ್ದ ಹುನ್ ಸೆನ್‌ರ ಪಕ್ಷಕ್ಕೆ 51. ಸೋತವರ ಕೈಯಲ್ಲಿ ಸೈನ್ಯ, ಪೊಲೀಸು, ಜಿಲ್ಲಾ ಕಚೇರಿಗಳು ಎಲ್ಲವೂ ಇದ್ದವು. ಪೂರ್ವದ ಪ್ರಾಂತ್ಯಗಳನ್ನೇ ಒಡೆದುಕೊಂಡು ಹೋಗುವ ಬೆದರಿಕೆ ಬಂತು. ಕೊನೆಗೆ ಇಬ್ಬರನ್ನೂ ಪ್ರಧಾನಿ ಮಾಡಿದರು, ಮೊದಲನೆಯ ಪ್ರಧಾನಿ, ಎರಡನೆಯ ಪ್ರಧಾನಿ ಎಂದು. 1997ರ ಜುಲೈನಲ್ಲಿ ಎರಡನೆಯವರು ಬಂದೂಕಿನ ಬಲದಿಂದ ಮೊದಲನೆಯವರನ್ನು ಕಿತ್ತುಹಾಕಿದರು. 2013ರಲ್ಲಿ ವಿರೋಧ ಪಕ್ಷ 123ರಲ್ಲಿ 55 ಗೆದ್ದು ಹತ್ತಿರ ಬಂತು, 2017ರಲ್ಲಿ ನ್ಯಾಯಾಲಯ ಆ ಪಕ್ಷವನ್ನೇ ವಿಸರ್ಜಿಸಿತು. 2018ರಲ್ಲಿ 125ಕ್ಕೆ 125 ಆಳುವ ಪಕ್ಷಕ್ಕೇ.

ಆ 2018ರಲ್ಲಿ ಶಾಯಿಯ ಗುಣವೇ ತಿರುಗುಮುರುಗಾಯಿತು. ದೇಶ ಬಿಟ್ಟಿದ್ದ ವಿರೋಧ ನಾಯಕರು ‘ಶುದ್ಧ ಬೆರಳು’ ಎಂಬ ಬಹಿಷ್ಕಾರಕ್ಕೆ ಕರೆಕೊಟ್ಟರು. ಆಗ ಬೆರಳಿಗೆ ಶಾಯಿ ಇಲ್ಲದವನು ಯಾರ ಪರ ಎಂಬುದು ಊರಿಗೆಲ್ಲ ಗೊತ್ತಾಗುವಂತಾಯಿತು. ಎರಡನೇ ಮತ ತಡೆಯಲು ಮಾಡಿದ ಗುರುತು ಹಾಜರಿ ಪಟ್ಟಿಯಾಯಿತು. ಅಫ್ಘಾನಿಸ್ತಾನದಲ್ಲಿ ಇನ್ನೂ ಕ್ರೂರ. 2004ರಲ್ಲಿ ಕೆಲವು ಮತಗಟ್ಟೆಗಳಲ್ಲಿ ಬೇರೆ ಪೆನ್ನು ಬಳಸಿ ಗುರುತು ಅಳಿಸಿಹೋಗಿ ಅಭ್ಯರ್ಥಿಗಳು ಗಲಾಟೆ ಎಬ್ಬಿಸಿದ್ದರು. 2014ರಲ್ಲಿ ಗುರುತು ಅಳಿಯದ ಕಾರಣಕ್ಕೇ ಹೆರಾತ್‌ನಲ್ಲಿ ತಾಲಿಬಾನಿಗಳು 11 ಮತದಾರರ ಬೆರಳು ಕತ್ತರಿಸಿದರು. ಸರಕಿನ ದೋಷ ಎನ್ನಲಾಗದು, ಆದರೆ ಕೊಳ್ಳುವ ದೇಶ ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಹಳೇ ಆಡಳಿತದ ಮಂದಿಯನ್ನು ಏನು ಮಾಡುವುದು ಎಂಬಲ್ಲಿ ಬಹಳ ದೇಶಗಳು ಎಡವಿದವು. ಕಾಫಿ ತೋಟದ ನೆರಳಿನ ಲೆಕ್ಕವೇ ಅಲ್ಲಿಯೂ. ಮರಗಸಿ, ಅಂದರೆ ನೆರಳು ಮರದ ಕೊಂಬೆ ಕಡಿಯುವ ಕೆಲಸ, ಮಾಡದೆ ಬಿಟ್ಟರೆ ಮಳೆಗಾಲದಲ್ಲಿ ಕೊಳೆರೋಗ, ಪೂರ್ತಿ ಬೋಳಿಸಿದರೆ ಅರೇಬಿಕಾ ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ ಹುಳು. ಮ್ಯಾನ್ಮಾರ್ ಕೊಂಬೆ ಮುಟ್ಟಲಿಲ್ಲ. ಸೈನ್ಯವೇ ಬರೆಸಿದ 2008ರ ಸಂವಿಧಾನ ಸಂಸತ್ತಿನ ಕಾಲು ಭಾಗ ಸ್ಥಾನಗಳನ್ನು ಸೈನಿಕರಿಗೆ ಕೊಟ್ಟಿತು, ಮುಖ್ಯ ತಿದ್ದುಪಡಿಗೆ ಮುಕ್ಕಾಲಿಗಿಂತ ಹೆಚ್ಚು ಮತ ಬೇಕೆಂದಿತು. ರಕ್ಷಣೆ, ಗೃಹ, ಗಡಿ ಖಾತೆಗಳೂ ಸೇನಾಪತಿಯ ಆಯ್ಕೆಗೆ. ಆಂಗ್ ಸಾನ್ ಸೂಕಿಯವರ ಪಕ್ಷ 2015ರಲ್ಲೂ 2020ರಲ್ಲೂ ಭಾರಿ ಬಹುಮತದಿಂದ ಗೆದ್ದಿತು. 2021ರ ಫೆಬ್ರವರಿ 1ರಂದು, ಹೊಸ ಸಂಸತ್ತು ಸೇರಬೇಕಿದ್ದ ದಿನವೇ, ಸೈನ್ಯ ಸೂಕಿಯವರನ್ನೂ ಪಕ್ಷದ ನಾಯಕರನ್ನೂ ಹಿಡಿದು ಹಾಕಿತು. ಇರಾಕ್‌ನಲ್ಲಿ ಇದಕ್ಕೆ ತದ್ವಿರುದ್ಧ. 2003ರ ಮೇನಲ್ಲಿ ಅಮೆರಿಕದ ಆಡಳಿತಾಧಿಕಾರಿ ಒಂದು ಆದೇಶದಲ್ಲಿ ಸದ್ದಾಂ ಹುಸೇನರ ಬಾತ್ ಪಕ್ಷದ ಮೇಲ್ದರ್ಜೆಯವರನ್ನು ಕೆಲಸದಿಂದ ತೆಗೆದ, ಇನ್ನೊಂದರಲ್ಲಿ ಸೈನ್ಯವನ್ನೇ ವಿಸರ್ಜಿಸಿದ. ಸಂಬಳವಿಲ್ಲದ, ಬಂದೂಕು ಬಲ್ಲ ಲಕ್ಷಾಂತರ ಮಂದಿ ಬೀದಿಗೆ ಬಿದ್ದರು. 2005ರ ಜನವರಿಯ ನೇರಳೆ ಬೆರಳಿನ ಚುನಾವಣೆಯನ್ನು ಸುನ್ನಿಗಳಲ್ಲಿ ಬಹುಪಾಲು ಬಹಿಷ್ಕರಿಸಿದರು. ಸಂವಿಧಾನ ಬರೆಯುವ ಸಭೆಯಲ್ಲಿ ಅವರ ದನಿ ಕ್ಷೀಣವಾಗಿಯೇ ಉಳಿಯಿತು.

ಈಜಿಪ್ಟಿನದು ಗೆದ್ದವರ ಆತುರ. 2012ರಲ್ಲಿ ಮುಸ್ಲಿಂ ಬ್ರದರ್‌ಹುಡ್‌ನ ಮೊರ್ಸಿ ಸುಮಾರು ಶೇ. 52 ಮತದಿಂದ ಅಧ್ಯಕ್ಷರಾದರು, ಡಿಸೆಂಬರಿನಲ್ಲೇ ಸಂವಿಧಾನವನ್ನು ಜನಮತಕ್ಕೆ ತಳ್ಳಿದರು. ಮತ ಹಾಕಿದವರು ಮೂರರಲ್ಲೊಬ್ಬರು. ವಿರೋಧಿಗಳು ಮುಂದಿನ ಚುನಾವಣೆಗೆ ಕಾಯುವ ಬದಲು ಸೈನ್ಯದ ಕಡೆ ನೋಡಿದರು, 2013ರ ಜುಲೈ 3ಕ್ಕೆ ಸೈನ್ಯ ಬಂದೇಬಿಟ್ಟಿತು.

ನಮ್ಮ ಲೆಕ್ಕದಲ್ಲಿ ಹೆಚ್ಚು ಕಲಿಸುವುದು ಟುನೀಶಿಯಾ, ಅಲ್ಲಿ ಬಹಳಷ್ಟು ಸರಿಯಾಗಿಯೇ ನಡೆದಿತ್ತು. 2014ರ ಸಂವಿಧಾನವನ್ನು ಎದುರಾಳಿಗಳು ಕೂತು ಮಾತಾಡಿ ಒಪ್ಪಿದ್ದರು. ಅದರಲ್ಲಿ 12 ಸದಸ್ಯರ ಸಂವಿಧಾನ ನ್ಯಾಯಾಲಯವೊಂದಿತ್ತು: ನಾಲ್ವರನ್ನು ಸಂಸತ್ತು, ನಾಲ್ವರನ್ನು ನ್ಯಾಯಾಂಗ ಮಂಡಳಿ, ನಾಲ್ವರನ್ನು ಅಧ್ಯಕ್ಷ ಆರಿಸಬೇಕು. ಒಂದು ವರ್ಷದಲ್ಲಿ ಆಗಬೇಕಿದ್ದ ಕೆಲಸ. ಯಾರ ಮನುಷ್ಯ ಒಳಗೆ ಹೋಗಬೇಕೆಂಬ ಜಗ್ಗಾಟದಲ್ಲಿ ಸಂಸತ್ತಿಗೆ ತನ್ನ ನಾಲ್ವರಲ್ಲಿ ಒಬ್ಬರನ್ನು ಮಾತ್ರ ಆರಿಸಲು ಸಾಧ್ಯವಾಯಿತು, ನ್ಯಾಯಾಲಯ ಶುರುವಾಗಲೇ ಇಲ್ಲ. 2021ರ ಜುಲೈ 25ರಂದು ಅಧ್ಯಕ್ಷ ಕೈಸ್ ಸಯೀದ್ ತುರ್ತು ಅಧಿಕಾರವೆಂದು ಸಂಸತ್ತನ್ನು ತಡೆಹಿಡಿದಾಗ ಅದು ಸಂವಿಧಾನಬದ್ಧವೇ ಎಂದು ಹೇಳಬೇಕಾದ ಪೀಠವೇ ಇರಲಿಲ್ಲ. ಕೆಲಸವಿಲ್ಲದೆ, ಬೆಲೆಯೇರಿಕೆಯಿಂದ ಬೇಸತ್ತಿದ್ದ ಜನರಲ್ಲಿ ಹಲವರು ಅಂದು ಸಂಭ್ರಮಿಸಿದರು ಎಂಬುದನ್ನೂ ಮರೆಯಬಾರದು. 2022ರ ಡಿಸೆಂಬರಿನ ಸಂಸತ್ ಚುನಾವಣೆಗೆ ಬಂದವರು ಶೇ. 11ರಷ್ಟು.

ಕೊಡಗಿನವರಿಗೆ ಇದು ತೀರಾ ದೂರದ ಮಾತೇನಲ್ಲ. 1834ರಲ್ಲಿ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಹೋದ, ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಬಂತು. ರಾಜನ ಕಾಲದ ಅಧಿಕಾರಿಗಳಾದ ಸುಬೇದಾರರೂ ಪಾರುಪತ್ಯಗಾರರೂ ಇದ್ದಲ್ಲೇ ಉಳಿದರು. 1952ರಲ್ಲಿ 24 ಸ್ಥಾನಗಳ ವಿಧಾನಸಭೆ ಆರಿಸಿಬಂದಾಗಲೂ ಮೇಲೆ ಕೇಂದ್ರ ನೇಮಿಸಿದ ಚೀಫ್ ಕಮಿಷನರ್ ಒಬ್ಬ ಇದ್ದ. ಆದರೂ ಕಾಂಗ್ರೆಸ್ 15 ಗೆದ್ದು ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು, ಉಳಿದ ಒಂಬತ್ತು ಮಂದಿ ಪಕ್ಷೇತರರು ಎದುರು ಕೂತರು. 1956ರ ನವೆಂಬರ್ 1ಕ್ಕೆ ಕೊಡಗು ರಾಜ್ಯವೇ ಮೈಸೂರಿನಲ್ಲಿ ಲೀನವಾಯಿತು. ವಿಲೀನ ಬೇಡವೆಂದವರಿಗೆ ಸಿಟ್ಟಿತ್ತು, ಇಂದಿಗೂ ಆ ಮಾತು ಎತ್ತುವವರಿದ್ದಾರೆ. ಎತ್ತಿದವರು ಊರು ಬಿಡಬೇಕಾಗಿ ಬರಲಿಲ್ಲ, ಮುಂದಿನ ಚುನಾವಣೆಗೆ ನಿಲ್ಲಲೂ ಯಾರೂ ತಡೆಯಲಿಲ್ಲ.

ಕೊನೆಗೆ ಬಳಸುವವರಿಗೊಂದು ಸೂಚನೆ. ಮತಗಟ್ಟೆಯಲ್ಲಿ ಎಡವಟ್ಟಾಗಿ ಮರುಮತದಾನ ಬಂದರೆ ತೋರುಬೆರಳಿನ ಹಳೇ ಗುರುತನ್ನು ಉಜ್ಜಿ ತೆಗೆಯಲು ಹೋಗಬೇಡಿ, ಚರ್ಮ ಕೆರೆದುಹೋಗುತ್ತದೆ ಅಷ್ಟೆ. ಎರಡನೇ ಸಲದ ಗುರುತನ್ನು ಎಡಗೈಯ ಮಧ್ಯದ ಬೆರಳಿಗೆ ಹಾಕುತ್ತಾರೆ.