ಅಂಡಮಾನಿಗೆ ಹೊರಟವರು ದಯವಿಟ್ಟು ಓದಿ: ವೋಚರ್ ಎಂದರೆ ಟಿಕೆಟ್ ಅಲ್ಲ

ಡಿಸೆಂಬರ್ ರಜೆಗೆ ಅಂಡಮಾನಿಗೆ ಹೋಗಬೇಕೆಂದು ಹುಬ್ಬಳ್ಳಿ-ಧಾರವಾಡದಲ್ಲಿ ಯಾರಾದರೂ ಏಜೆಂಟರಿಗೆ ಮುಂಗಡ ಕೊಡಲು ಹೊರಟಿದ್ದರೆ, ಕೊಡುವ ಮೊದಲು ಇದನ್ನು ಓದಿ. ಈಗಾಗಲೇ ಕೊಟ್ಟಾಗಿದ್ದರೆ ಇನ್ನೂ ಗಮನವಿಟ್ಟು ಓದಿ. ಕಳೆದ ಮೇ ತಿಂಗಳಲ್ಲಿ ನಮ್ಮಿಬ್ಬರಿಗೆ ಆದದ್ದು ಮತ್ತೊಂದು ಮನೆಯವರಿಗೆ ಆಗಬಾರದು.

ನಾನು ಧಾರವಾಡದ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. ನಮ್ಮ ಮನೆಯವರದು ಬೀಜ-ಗೊಬ್ಬರದ ಅಂಗಡಿ. ಮದುವೆಯಾಗಿ ಇಪ್ಪತ್ತೈದು ವರ್ಷಗಳಾದರೂ ನಾವಿಬ್ಬರೇ ಎಂದು ಹೋದ ಊರು ಒಂದೂ ಇರಲಿಲ್ಲ. ಗೋಕರ್ಣಕ್ಕೆ, ಮಂತ್ರಾಲಯಕ್ಕೆ, ಶಿರಡಿಗೆ ಹೋದಾಗಲೆಲ್ಲ ಮಕ್ಕಳಿದ್ದರು, ಅತ್ತೆ-ಮಾವ ಇದ್ದರು. ಈ ವರ್ಷ ಮಗಳೇ ಹಟ ಹಿಡಿದಳು: ನೀವಿಬ್ಬರೂ ಎಲ್ಲಾದರೂ ದೂರ ಹೋಗಿ, ನಾಲ್ಕು ದಿನ ಸುಮ್ಮನೆ ಸಮುದ್ರ ನೋಡುತ್ತ ಕುಳಿತು ಬನ್ನಿ. ಮಹಿಳಾ ಸಂಘದಲ್ಲಿ ನಾನು ಕಟ್ಟುತ್ತಿದ್ದ ಚೀಟಿ ಎದ್ದಿತ್ತು. ಜೂನ್ ಬಂದರೆ ನನಗೆ ಶಾಲೆ, ಅವರಿಗೆ ಬಿತ್ತನೆಯ ಗಿರಾಕಿಗಳು. ಇಬ್ಬರಿಗೂ ಕೂಡಿ ಬರುವ ಬಿಡುವು ಮೇ ತಿಂಗಳೊಂದೇ.

ಏಜೆಂಟ್ ಹುಬ್ಬಳ್ಳಿಯವನು. ಹೆಸರು ಬರೆಯುವುದಿಲ್ಲ, ದೂರು ಇನ್ನೂ ವಿಚಾರಣೆಯಲ್ಲಿದೆ. ಪರಿಚಯದವರೊಬ್ಬರು ಅವನ ಕಡೆಯಿಂದ ಗೋವಾಕ್ಕೆ ಹೋಗಿ ಸುಖವಾಗಿ ಬಂದಿದ್ದರು. ಮಾತು ಬಹಳ ಮೆದು. "ಅಕ್ಕಾ, ನೀವು ಬ್ಯಾಗ್ ಹಿಡಿದು ಹೊರಟರೆ ಸಾಕು, ಉಳಿದದ್ದೆಲ್ಲ ನನ್ನದು" ಎಂದ. ಬೆಂಗಳೂರಿನಿಂದ ವಿಮಾನ, ಹೋಟೆಲ್, ದ್ವೀಪದಿಂದ ದ್ವೀಪಕ್ಕೆ ಒಯ್ಯುವ ಫೆರಿ ಹಡಗು, ಕಾರು ಎಲ್ಲ ಸೇರಿ ಇಬ್ಬರಿಗೆ 1,18,000 ರೂಪಾಯಿ. ಅರ್ಧ ಮೊದಲು, ಇನ್ನರ್ಧ ಹೊರಡುವ ಹತ್ತು ದಿನ ಮುಂಚೆ. ಎರಡನೆಯ ಕಂತನ್ನು ಏಜೆನ್ಸಿಯ ಖಾತೆಗಲ್ಲ, ತನ್ನ ಸಂಬಂಧಿಕರ ಮೊಬೈಲ್ ಸಂಖ್ಯೆಗೆ ಹಾಕಿ ಎಂದ. ಬ್ಯಾಂಕಿನ ತಾಂತ್ರಿಕ ತೊಂದರೆ ಎಂಬ ಕಾರಣ ಕೊಟ್ಟ. ನಾವು ಹಾಕಿದೆವು. ಅಲ್ಲಿಯೇ ಕೈ ತಡೆಯಬೇಕಿತ್ತು.

ಅವನು ಕಳಿಸಿದ್ದು ಮೂರು ಕಾಗದ. ಒಂದು ವಿಮಾನದ ಟಿಕೆಟ್. ಮಗಳು ಅದರ ಪಿಎನ್‌ಆರ್ ಸಂಖ್ಯೆಯನ್ನು ವಿಮಾನ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಿದಳು. ನಮ್ಮ ಹೆಸರು, ಆಸನ, ಸಮಯ ಎಲ್ಲವೂ ಸರಿ. ಉಳಿದೆರಡು ವೋಚರ್‌ಗಳು, ಅಂದರೆ ಬುಕಿಂಗ್ ಆಗಿದೆ ಎಂದು ಏಜೆಂಟನೇ ಬರೆದುಕೊಟ್ಟ ಕಾಗದಗಳು, ಒಂದು ಹೋಟೆಲಿನದು, ಒಂದು ಫೆರಿಯದು. ನೋಡಲು ಟಿಕೆಟ್ಟಿಗಿಂತ ಚೆಂದ, ಬಣ್ಣಬಣ್ಣ, ಮೇಲೆ ಹಡಗಿನ ಚಿತ್ರ. ವಿಮಾನದ ಟಿಕೆಟ್ ನಿಜವಾಗಿದ್ದದ್ದನ್ನು ಕಂಡು ಇವೂ ನಿಜವೆಂದು ನಂಬಿದೆವು. ಈ ಎರಡು ಕಾಗದಗಳಲ್ಲಿ ಪಿಎನ್‌ಆರ್ ಆಗಲಿ, ಬುಕಿಂಗ್ ಸಂಖ್ಯೆಯಾಗಲಿ ಇರಲಿಲ್ಲ. ಇದ್ದದ್ದು ನಮ್ಮ ಹೆಸರು, ದಿನಾಂಕ ಮತ್ತು ಏಜೆಂಟನ ಮೊಹರು. ಅಂಥ ಕಾಗದವನ್ನು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ಹತ್ತು ನಿಮಿಷಕ್ಕೆ ಮಾಡಬಹುದು.

ಮೋಸದ ಸುಳಿವು ಅವನ ಕಾರ್ಯಕ್ರಮ ಪಟ್ಟಿಯಲ್ಲೇ ಇತ್ತು, ನಮಗೆ ಓದಲು ಬರಲಿಲ್ಲ. ಎರಡನೆಯ ದಿನ ಹ್ಯಾವ್‌ಲಾಕ್ ಎಂದಿತ್ತು, ನಾಲ್ಕನೆಯ ದಿನ ಸ್ವರಾಜ್ ದ್ವೀಪ ಎಂದಿತ್ತು. ಎರಡೂ ಒಂದೇ! ಹ್ಯಾವ್‌ಲಾಕ್ ದ್ವೀಪಕ್ಕೆ 2018ರ ಡಿಸೆಂಬರಿನಲ್ಲಿ ಸ್ವರಾಜ್ ದ್ವೀಪ ಎಂದು ಹೆಸರಿಟ್ಟರು, ನೀಲ್ ದ್ವೀಪ ಶಹೀದ್ ದ್ವೀಪವಾಯಿತು, ರಾಸ್ ದ್ವೀಪಕ್ಕೆ ನೇತಾಜಿಯವರ ಹೆಸರು ಬಂತು. ಪೋರ್ಟ್ ಬ್ಲೇರ್ ಕೂಡ 2024ರಿಂದ ಶ್ರೀ ವಿಜಯಪುರಂ. ಅಂತೆಯೇ ರಾಧಾನಗರ ಬೀಚ್ ಒಂದು ದಿನ, ಏಳನೇ ನಂಬರ್ ಬೀಚ್ ಇನ್ನೊಂದು ದಿನ ಎಂದು ಬರೆದಿದ್ದ. ಅದೂ ಒಂದೇ ಕಡಲತೀರ. ಒಂದೇ ಜಾಗವನ್ನು ಎರಡು ಹೆಸರಿನಲ್ಲಿ ಎರಡು ಸಲ ಮಾರಿದ್ದ. ರಾಧಾನಗರದಲ್ಲಿ ಸಂಜೆ ಆರೂವರೆಗೆ ಸೂರ್ಯಾಸ್ತ ದರ್ಶನ ಎಂದೂ ಇತ್ತು. ಗಡಿಯಾರ ನಮ್ಮದೇ ಆದರೂ ಅಂಡಮಾನ್ ಅಷ್ಟು ಪೂರ್ವಕ್ಕಿದೆ, ಮೇ ತಿಂಗಳಲ್ಲೂ ಆರು ಗಂಟೆಯ ಒಳಗೆ ಅಲ್ಲಿ ಸೂರ್ಯ ಮುಳುಗುತ್ತಾನೆ. ಆರೂವರೆಗೆ ಸೂರ್ಯನನ್ನು ಕಾಣಬೇಕಾದರೆ ಧಾರವಾಡದಲ್ಲೇ ಇರಬೇಕು. ಆ ನೆಲವನ್ನು ಒಮ್ಮೆಯೂ ಮೆಟ್ಟದವನು ಬರೆದ ಪಟ್ಟಿ ಅದು.

ಮೊದಲ ದಿನ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ಸೆಲ್ಯುಲರ್ ಜೈಲಿನ ಏಳು ರೆಕ್ಕೆಗಳಲ್ಲಿ ಈಗ ಉಳಿದಿರುವುದು ಮೂರು. ಆ ಉದ್ದನೆಯ ಮೊಗಸಾಲೆಯಲ್ಲಿ, ಒಂದರ ಪಕ್ಕದಲ್ಲಿ ಒಂದು ಕೋಣೆಯ ಕಬ್ಬಿಣದ ಬಾಗಿಲುಗಳ ಮುಂದೆ ನಡೆಯುವಾಗ ನಮ್ಮ ಮನೆಯವರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದರು. ಯಾರೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಜೆಟ್ಟಿಯಲ್ಲಿ ಎಲ್ಲ ಬಯಲಾಯಿತು. ಕೌಂಟರಿನ ಹುಡುಗಿ ವೋಚರನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ನಮ್ಮ ಟಿಕೆಟ್ ಅಲ್ಲ, ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಎಂದಳು. ಏಜೆಂಟನಿಗೆ ಫೋನ್ ಮಾಡಿದರೆ "ಎರಡೇ ನಿಮಿಷ ಅಕ್ಕಾ, ಈಗಲೇ ಮಾತಾಡುತ್ತೇನೆ" ಎಂದ. ಆ ಎರಡು ನಿಮಿಷದಲ್ಲಿ ಹಡಗು ಹೊರಟು ಹೋಯಿತು. ಆಮೇಲೆ ಅವನ ಫೋನ್ ರಿಂಗಾಯಿತೇ ಹೊರತು ಎತ್ತಲಿಲ್ಲ. ನಮ್ಮನ್ನು ಕರೆತಂದಿದ್ದ ಟ್ಯಾಕ್ಸಿಯ ಚಾಲಕ, ನಾವು ಯಾರೋ ಅವನು ಯಾರೋ, ಬಿಸಿಲಲ್ಲಿ ಓಡಾಡಿ ಮಧ್ಯಾಹ್ನದ ಇನ್ನೊಂದು ಫೆರಿಯಲ್ಲಿ ಎರಡು ಸೀಟು ಹುಡುಕಿಕೊಟ್ಟ. 3,600 ರೂಪಾಯಿ. ಅವನಿಗೆ ಕೊಡಲು ನನ್ನ ಬಳಿ ಇದ್ದದ್ದು ಧಾರವಾಡ ಪೇಡೆಯ ಒಂದು ಡಬ್ಬಿ. ಹಣ ಬೇಡವೆಂದವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಖಾಸಗಿ ಫೆರಿಯ ಬಗ್ಗೆ ಒಂದು ಮಾತು. ಅದು ಮುಚ್ಚಿದ, ಎಸಿ ಹಾಕಿದ ಹಡಗು. ಒಂದೂವರೆ-ಎರಡು ಗಂಟೆಯಲ್ಲಿ ತಲುಪಿಸುತ್ತದೆ, ಆದರೆ ಅಲೆ ಎದ್ದಾಗ ಒಳಗಿರುವವರಿಗೆ ಗಾಳಿಯೂ ಇಲ್ಲ, ದಿಗಂತವೂ ಕಾಣುವುದಿಲ್ಲ. ನನ್ನ ಸುತ್ತ ಅರ್ಧ ಜನ ವಾಂತಿ ಮಾಡುತ್ತಿದ್ದರು. ವಾಂತಿಯ ಮಾತ್ರೆಯನ್ನು ವೈದ್ಯರನ್ನು ಕೇಳಿ ಊರಿನಿಂದಲೇ ಒಯ್ಯಿರಿ.

ಹ್ಯಾವ್‌ಲಾಕ್‌ನ ರೆಸಾರ್ಟಿನಲ್ಲೂ ಅದೇ ಕಥೆ. ಏಜೆಂಟ್ ಕೋಣೆ ಕಾಯ್ದಿರಿಸಿದ್ದು ನಿಜ, ಆದರೆ ಒಂದು ರೂಪಾಯಿಯನ್ನೂ ಕಳಿಸಿರಲಿಲ್ಲ. ಮೂರು ಸಲ ಇಮೇಲ್ ಬರೆದು, ಉತ್ತರ ಬಾರದೆ, ವಾರದ ಹಿಂದೆ ಕೋಣೆಯನ್ನು ಬೇರೆಯವರಿಗೆ ಕೊಟ್ಟಿದ್ದರು. ವ್ಯವಸ್ಥಾಪಕರು ಆ ಇಮೇಲ್‌ಗಳನ್ನು ನನಗೆ ತೋರಿಸಿದರು. ಹತ್ತು ದಿನ ಮೊದಲು ನೀವೇ ಒಂದು ಫೋನ್ ಮಾಡಿದ್ದರೆ ಎಲ್ಲವನ್ನೂ ಹೇಳುತ್ತಿದ್ದೆ ಎಂದರು. ಎರಡನೆಯ ಕಂತು ಕಟ್ಟಿದ್ದು ಹತ್ತು ದಿನ ಮೊದಲೇ. ಒಂದು ಫೋನ್ ಕರೆ! ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಹಿತ್ತಲ ಕಡೆಯ ಕೋಣೆಯೊಂದು ಖಾಲಿ ಇತ್ತು, ರಾತ್ರಿಗೆ 4,500 ರೂಪಾಯಿ. ಮತ್ತೆ ಹಣ ಕೊಟ್ಟು ಅದರಲ್ಲಿ ಉಳಿದೆವು.

ಇನ್ನು ಮಳೆ. ಪ್ರತಿ ವರ್ಷ ಮೇ ಮೂರನೆಯ ವಾರದ ಹೊತ್ತಿಗೆ ನಮ್ಮ ಪತ್ರಿಕೆಗಳಲ್ಲಿ ಒಂದು ಸುದ್ದಿ ಬರುತ್ತದೆ: ಅಂಡಮಾನಿಗೆ ಮುಂಗಾರು ಪ್ರವೇಶ. ಆ ಸುದ್ದಿಗಾಗಿ ನಮ್ಮ ಅಂಗಡಿಗೆ ಬರುವ ರೈತರು ಕಾಯುತ್ತಾರೆ, ನಮ್ಮ ಮನೆಯವರೂ ಕಾಯುತ್ತಾರೆ. ಇಲ್ಲಿ ರೋಹಿಣಿ ಮಳೆಯ ದಾರಿ ನೋಡುವ ಹೊತ್ತಿಗೆ ಅಲ್ಲಿ ಮುಂಗಾರು ಬಂದಿಳಿದಿರುತ್ತದೆ. ಇಪ್ಪತ್ತು ವರ್ಷ ಆ ಸುದ್ದಿಯನ್ನು ಓದಿದ ನಮಗೆ, ಅದೇ ವಾರ ಅದೇ ದ್ವೀಪಕ್ಕೆ ಹೋಗುತ್ತಿದ್ದೇವೆ ಎಂಬುದು ಹೊಳೆಯಲಿಲ್ಲ. ಏಜೆಂಟನಿಗೆ ಹೊಳೆಯಬೇಕಿತ್ತು, ಅವನ ಕಸುಬೇ ಅದು. ಮೇ ತಿಂಗಳು ಬೇಡವೇ ಎಂದು ನಾನು ಕೇಳಿದ್ದೆ ಕೂಡ. ಆಫ್ ಸೀಸನ್, ಜನ ಕಡಿಮೆ, ನಿಮಗೆ ಶಾಂತವಾಗಿರುತ್ತದೆ ಎಂದಿದ್ದ.

ಮಳೆ ಬಿಟ್ಟ ಒಂದು ಮಧ್ಯಾಹ್ನ ರಾಧಾನಗರಕ್ಕೆ ಹೋದೆವು. ಚಿತ್ರಗಳಲ್ಲಿ ಕಂಡ ಆ ಹಸಿರು-ನೀಲಿ ನೀರು ಇರಲಿಲ್ಲ, ಕಡಲು ಬೂದಿಯ ಬಣ್ಣಕ್ಕೆ ತಿರುಗಿತ್ತು, ಜೀವರಕ್ಷಕರು ಯಾರನ್ನೂ ನೀರಿಗೆ ಇಳಿಯಗೊಡಲಿಲ್ಲ. ಆದರೂ ಒದ್ದೆ ಮರಳಿನ ಮೇಲೆ ಒಂದು ಗಂಟೆ ಇಬ್ಬರೇ ಕುಳಿತಿದ್ದೆವು. ಇಡೀ ಪ್ರವಾಸದಲ್ಲಿ ನಾವು ಹಾಗೆ ಕುಳಿತದ್ದು ಆ ಒಂದು ಗಂಟೆ ಮಾತ್ರ.

ನಾಲ್ಕನೆಯ ದಿನ ಮಧ್ಯಾಹ್ನ ಫೆರಿಗಳು ನಿಂತವು. ಬಂದರಿನಿಂದ ಎಚ್ಚರಿಕೆ ಬಂದಿದೆ, ಯಾವ ಹಡಗೂ ಹೊರಡುವುದಿಲ್ಲ ಎಂದರು. ನಮ್ಮ ಕಾರ್ಯಕ್ರಮದಲ್ಲಿ ಐದನೆಯ ದಿನ ಬೆಳಿಗ್ಗೆ ಹ್ಯಾವ್‌ಲಾಕ್‌ನಿಂದ ಫೆರಿ, ಅದೇ ಮಧ್ಯಾಹ್ನ ಪೋರ್ಟ್ ಬ್ಲೇರಿನಿಂದ ವಿಮಾನ. ಹೀಗೆ ಜೋಡಿಸಿ ಕೊಡುವವರನ್ನು ದಯವಿಟ್ಟು ನಂಬಬೇಡಿ. ಕೊನೆಯ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಇರಬೇಕು, ಆ ಮಾತು ಅಲ್ಲಿನ ಮಕ್ಕಳಿಗೂ ಗೊತ್ತು. ಮಳೆಗಾಲಕ್ಕಷ್ಟೇ ಇದು ಎಂದುಕೊಳ್ಳಬೇಡಿ. 2016ರ ಡಿಸೆಂಬರಿನಲ್ಲಿ, ತುಂಬಿದ ಪ್ರವಾಸಿ ಕಾಲದಲ್ಲಿ, ಚಂಡಮಾರುತಕ್ಕೆ ಸಿಕ್ಕಿ ಹ್ಯಾವ್‌ಲಾಕ್ ಮತ್ತು ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಉಳಿದುಬಿಟ್ಟಿದ್ದರು, ನೌಕಾಪಡೆಯ ಹಡಗುಗಳು ಬಂದು ಕರೆದೊಯ್ಯಬೇಕಾಯಿತು.

ನಮ್ಮ ವಿಮಾನ ನಾವಿಲ್ಲದೆ ಹಾರಿತು. ಎರಡು ರಾತ್ರಿ ಹೆಚ್ಚಿಗೆ ಉಳಿದೆವು. ನೆಟ್‌ವರ್ಕ್ ಬಂದು ಬಂದು ಹೋಗುತ್ತಿತ್ತು, ಫೋನಿನಲ್ಲಿ ಹಣ ಕಳಿಸಿದರೆ ಚಕ್ರ ತಿರುಗುತ್ತಲೇ ಇರುತ್ತಿತ್ತು, ಎಟಿಎಂ ಮುಂದೆ ಉದ್ದ ಸಾಲು, ಒಳಗೆ ಹಣವಿಲ್ಲ. ಕೈಯಲ್ಲಿ ಎರಡು ಸಾವಿರವಷ್ಟೇ ನಗದು ಉಳಿದಿತ್ತು. ಅತ್ತೆ ಕಟ್ಟಿಕೊಟ್ಟಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಎರಡು ಹೊತ್ತು ತಿಂದೆವು. ನಮ್ಮ ಮನೆಯವರು ಒಂದು ಮಾತೂ ಆಡಲಿಲ್ಲ. ನನ್ನ ಚೀಟಿಯ ಹಣ ಹೀಗಾಯಿತಲ್ಲ ಎಂಬುದೇ ಅವರ ಸಂಕಟವೆಂದು ನನಗೆ ಗೊತ್ತಿತ್ತು, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಏಳನೆಯ ದಿನ ಸರ್ಕಾರಿ ಹಡಗು ಹೊರಟಿತು, ಬೆಳಗಿನ ನಾಲ್ಕರಿಂದ ಸಾಲಿನಲ್ಲಿ ನಿಂತು ಟಿಕೆಟ್ ಪಡೆದೆವು.

ಲೆಕ್ಕ ಇದು: ಫೆರಿಗೆ 3,600, ಮೂರು ರಾತ್ರಿಯ ಕೋಣೆಗೆ 13,500, ಹೆಚ್ಚಿನ ಎರಡು ರಾತ್ರಿಗೆ 6,000 (ವ್ಯವಸ್ಥಾಪಕರು ದರ ಇಳಿಸಿದರು), ಪೋರ್ಟ್ ಬ್ಲೇರಿನಲ್ಲಿ ಒಂದು ರಾತ್ರಿಗೆ 2,000, ಬೆಂಗಳೂರಿಗೆ ಹೊಸ ವಿಮಾನ ಟಿಕೆಟ್ 31,400. ಒಟ್ಟು 56,500 ರೂಪಾಯಿ, ಮೊದಲು ಕೊಟ್ಟ 1,18,000ದ ಮೇಲೆ. ಊರಿಗೆ ಬಂದು ಏಜೆಂಟನನ್ನು ಕೇಳಿದರೆ, ಪ್ರಕೃತಿ ವಿಕೋಪಕ್ಕೆ ನಾವು ಹೊಣೆಯಲ್ಲ ಎಂದ. ಮಳೆಗೆ ಅವನು ಹೊಣೆಯೆಂದು ನಾನು ಎಲ್ಲಿಯೂ ಹೇಳಿಲ್ಲ. ಕೊಳ್ಳದ ಟಿಕೆಟ್ಟಿಗೆ, ಕಟ್ಟದ ಕೋಣೆಯ ಬಾಡಿಗೆಗೆ ಯಾವ ಪ್ರಕೃತಿ ಹೊಣೆ?

ಇಂಥದ್ದು ನಿಮಗೂ ಆಗಿದ್ದರೆ ಸುಮ್ಮನೆ ಕೂಡಬೇಡಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದರಿಂದ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕರ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ನೀವು ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ವಕೀಲರೇ ಬೇಕೆಂದಿಲ್ಲ, ನಮ್ಮ ದೂರನ್ನು ನಾನೇ ಕನ್ನಡದಲ್ಲಿ ಬರೆದೆ. ರಸೀದಿ, ವಾಟ್ಸ್‌ಆ್ಯಪ್ ಸಂದೇಶ, ಹಣ ಹಾಕಿದ ದಾಖಲೆ, ರೆಸಾರ್ಟಿನವರು ಕೊಟ್ಟ ಇಮೇಲ್ ಪ್ರತಿ ಎಲ್ಲವನ್ನೂ ಲಗತ್ತಿಸಿದ್ದೇನೆ. ಜೆಟ್ಟಿಯಲ್ಲಿ ಟಿಕೆಟ್ ಕೊಂಡ ಚೀಟಿಯನ್ನು ಸಿಟ್ಟಿನಲ್ಲಿ ಹರಿಯಲು ಹೋಗಿದ್ದೆ, ನಮ್ಮ ಮನೆಯವರು ಕೈ ಹಿಡಿದು ತಡೆದರು. ಇಂದು ಅದೇ ನಮ್ಮ ಮೊದಲ ಸಾಕ್ಷಿ.

ಹೋದ ವಾರ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ತಮ್ಮ, ಹೊಸದಾಗಿ ಮದುವೆಯಾದವನು, ಇದೇ ಏಜೆಂಟನಿಗೆ ಡಿಸೆಂಬರಿನ ಅಂಡಮಾನ್ ಪ್ರವಾಸಕ್ಕೆ ಅರವತ್ತು ಸಾವಿರ ಮುಂಗಡ ಕೊಟ್ಟಿದ್ದಾನೆಂದು ತಿಳಿಯಿತು. ಅವನ ಕೈಯಲ್ಲೂ ಅದೇ ಬಣ್ಣದ ವೋಚರ್. ನಾನೂ ಅವನೂ ಕುಳಿತು, ವೋಚರಿನಲ್ಲಿದ್ದ ಸಂಖ್ಯೆಯನ್ನು ಬಿಟ್ಟು, ಹೋಟೆಲಿನ ಸ್ವಂತ ಜಾಲತಾಣದಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿದೆವು. ಕೋಣೆ ಕಾಯ್ದಿರಿಸಿದೆ, ಹಣ ಬಂದಿಲ್ಲ ಎಂದರು. ಏಜೆಂಟನಿಗೆ ಎರಡನೆಯ ಕಂತನ್ನು ಆ ಹುಡುಗ ಇನ್ನೂ ಕಟ್ಟಿಲ್ಲ. ನಿಮ್ಮ ಕೈಯಲ್ಲೂ ಅಂಥ ಕಾಗದವಿದ್ದರೆ ಇವತ್ತೇ ಫೋನ್ ಮಾಡಿ, "ನನ್ನ ಹೆಸರಿನಲ್ಲಿ ಕೋಣೆ ಇದೆಯೇ" ಎಂದಷ್ಟೇ ಕೇಳಿ ಬಿಡಬೇಡಿ, "ಪೂರ್ತಿ ಹಣ ಬಂದಿದೆಯೇ" ಎಂದು ಕೇಳಿ. ಫೆರಿಗೂ ಅಷ್ಟೇ, ಪಿಎನ್‌ಆರ್ ಕೈಗೆ ಬರುವವರೆಗೆ ಉಳಿದ ಹಣ ಕೊಡಬೇಡಿ.