ಬೆಂಚೋ, ಮೈದಾನವೋ?
ಹಾಸನದ ಜಿಲ್ಲಾ ಕ್ರೀಡಾಂಗಣದಲ್ಲಿ ಬೂಟಿನ ಕೆಸರು ಕೆರೆಯುತ್ತಾ, ಬೆಂಗಳೂರಿನ ದೊಡ್ಡ ಫುಟ್‌ಬಾಲ್ ಅಕಾಡೆಮಿಯಲ್ಲೇ ಉಳಿಯಲೇ, ಪಂದ್ಯ ಸಿಗುವ ಸಣ್ಣ ಕ್ಲಬ್ಬಿಗೆ ಹೋಗಲೇ ಎಂದು ಕೇಳುವ ಹುಡುಗನಿಗೆ, 2000ರಲ್ಲಿ ಹುಟ್ಟಿದ ಇಬ್ಬರನ್ನು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿನ ಅಕಾಡೆಮಿಯವರನ್ನು ತೋರಿಸಬಹುದು. ಫಿಲ್ ಫೋಡೆನ್ ಅಲ್ಲೇ ಉಳಿದು, ಮೊದಮೊದಲು ಹೆಚ್ಚಾಗಿ ಬದಲಿ ಆಟಗಾರನಾಗಿಯೇ ಇಳಿದು, ತರಬೇತುದಾರ ಗ್ವಾರ್ಡಿಯೊಲಾರ ಕೈಕೆಳಗೆ ನಿಧಾನವಾಗಿ ಪಳಗಿದರು. ಜೇಡನ್ ಸ್ಯಾಂಚೊ 2017ರಲ್ಲಿ, ಹದಿನೇಳನೆಯ ವಯಸ್ಸಿನಲ್ಲೇ, ಜರ್ಮನಿಯ ಕ್ಲಬ್ ಡಾರ್ಟ್‌ಮಂಡ್‌ಗೆ ಹೋದರು. ಆ ವರ್ಷ ಭಾರತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪಿನ ನಡುವೆಯೇ ಕ್ಲಬ್ ಅವರನ್ನು ವಾಪಸು ಕರೆಸಿಕೊಂಡಿತು, ಕೋಲ್ಕತ್ತದ ಫೈನಲ್‌ನಲ್ಲಿ ಎರಡು ಗೋಲು ಹೊಡೆದವರು ಫೋಡೆನ್. ಸ್ಯಾಂಚೊಗೆ ಜರ್ಮನಿಯಲ್ಲಿ ಬೇಗ ಆಟ ಸಿಕ್ಕಿತು. 2021ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ ಮೇಲೆ ಆ ಲಯ ಉಳಿಯಲಿಲ್ಲ. ತರಬೇತುದಾರರು ವಾರದ ಪಂದ್ಯದಲ್ಲಿ ಅರ್ಧ ಗಂಟೆಯಾದರೂ ಇಳಿಸುತ್ತಿದ್ದರೆ ಉಳಿಯುವುದೇ ಲೇಸೆಂದು ನನಗೆ ತೋರುತ್ತದೆ. ಇಡೀ ಋತು ಬೆಂಚಿನಲ್ಲೇ ಕಳೆದಿದ್ದರೆ, ಹಾಸ್ಟೆಲಿನ ಊಟ ಎಷ್ಟೇ ಚೆನ್ನಾಗಿರಲಿ, ಹೊರಡಬೇಕು.