ಘಾಟಿಯಲ್ಲಿ ಗೆದ್ದ ಮಾತ್ರೆ ಹಡಗಿನಲ್ಲಿ ಸೋತಿತು

ನಮ್ಮ ಮನೆಯಲ್ಲಿ ಮೂರು ಜನಕ್ಕೆ ಬಸ್ಸಿನ ವಾಂತಿ. ಅತ್ತೆಗೆ, ನನಗೆ, ಹತ್ತು ವರ್ಷದ ಮಗನಿಗೆ. ಯಜಮಾನರಿಗೆ ಮಾತ್ರ ಏನೂ ಆಗುವುದಿಲ್ಲ. ಚಾರ್ಮಾಡಿ ಘಾಟಿಯ ತಿರುವಿನಲ್ಲೂ ಕೋಡುಬಳೆ ಕಡಿಯುತ್ತಾ ಕೂತಿರುತ್ತಾರೆ. ಇಂಥ ಸಂಸಾರ ಕ್ರೂಸ್ ಹಡಗು ಹತ್ತಲು ಹೊರಟರೆ ಮೊದಲು ಪ್ಯಾಕ್ ಆಗುವುದು ಬಟ್ಟೆಯಲ್ಲ, ಮಾತ್ರೆ.

ಎರಡು ಸಲ ಹೋಗಿ ಬಂದೆವು. ಮೊದಲನೆಯದು ಮುಂಬೈಯಿಂದ ಲಕ್ಷದ್ವೀಪಕ್ಕೆ, ಮಳೆಗಾಲ ಮುಗಿದ ಹೊಸತರಲ್ಲಿ. ಕಡಲು ಇನ್ನೂ ಸಿಟ್ಟಿನಲ್ಲೇ ಇತ್ತು. ಎರಡನೆಯದು ಸಿಂಗಾಪುರದಿಂದ ಪಿನಾಂಗ್, ಫುಕೆಟ್ ಕಡೆಗೆ. ಅಲ್ಲಿ ಮಲಕ್ಕಾ ಜಲಸಂಧಿ ಕೆರೆಯ ಹಾಗೆ ತಣ್ಣಗಿತ್ತು. ಹಾಗಾಗಿ ನನ್ನ ಹೋಲಿಕೆಯಲ್ಲಿ ಒಂದು ತಕರಾರಿದೆ: ಎರಡನೇ ಸಲ ಗೆದ್ದದ್ದು ಔಷಧಿಯೋ ಸಮುದ್ರವೋ ಅಂತ ಪೂರ್ತಿ ಬಿಡಿಸಿ ಹೇಳಲಾರೆ. ಆದರೆ ಹೊರಡುವ ಮೊದಲು ಕೆಲವನ್ನು ಧರ್ಮಸ್ಥಳದ ದಾರಿಯಲ್ಲಿ ಪರೀಕ್ಷೆ ಮಾಡಿದ್ದೆ. ಬೆಂಗಳೂರಿನವರಿಗೆ ಘಾಟಿಗಿಂತ ಒಳ್ಳೆಯ ಪ್ರಯೋಗಶಾಲೆ ಬೇಕಾ?

ಪೈಪೋಟಿಗೆ ಇಳಿದದ್ದು ಮೂರು ಡಬ್ಬಿ. ಒಂದು ಅತ್ತೆಯ ಬಟ್ಟೆ ಸಂಚಿ. ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯ ಒಣಶುಂಠಿ, ಓಮ, ಜೀರಿಗೆ, ಇಂಗು, ಎರಡು ನಿಂಬೆಹಣ್ಣು, ಅಮೃತಾಂಜನದ ಪುಟ್ಟ ಶೀಷೆ. ಎರಡನೆಯದು ಯಜಮಾನರು ಆನ್‌ಲೈನ್‌ನಲ್ಲಿ ತರಿಸಿದ ರೆಡಿಮೇಡ್ ಟ್ರಾವೆಲ್ ಕಿಟ್. ಕೆಂಪು ಚೀಲ, ಜಿಪ್ಪು, ಮೇಲೆ ಬಿಳಿ ಪ್ಲಸ್ ಗುರುತು. ಮೂರನೆಯದು ನಾನು ಚೀಟಿ ಬರೆದುಕೊಂಡು ಹೋಗಿ ಜಯನಗರದ ನಮ್ಮ ಮೆಡಿಕಲ್ ಶಾಪ್ ಮತ್ತು ಜನೌಷಧಿ ಕೇಂದ್ರದಿಂದ ತಂದದ್ದು.

ರೆಡಿಮೇಡ್ ಕಿಟ್‌ನ ಕಥೆ ಬೇಗ ಮುಗಿಯುತ್ತದೆ. ಬ್ಯಾಂಡೇಜು ಹನ್ನೆರಡು ಬಗೆ. ಹತ್ತಿ, ಟೇಪು, ಕತ್ತರಿ, ಒಂದು ಸೀಟಿ ಕೂಡ. ಸೀಟಿ ಯಾಕೋ ಗೊತ್ತಾಗಲಿಲ್ಲ. ತಲೆಸುತ್ತಿಗೆ, ಭೇದಿಗೆ ಏನೂ ಇಲ್ಲ. ಬೆಟ್ಟ ಹತ್ತುವವರಿಗೆ ಸರಿ. ಹಡಗಿನಲ್ಲಿ ಮನುಷ್ಯ ಬಿದ್ದು ಗಾಯ ಮಾಡಿಕೊಳ್ಳುವುದಕ್ಕಿಂತ ಜಾಸ್ತಿ ತಿಂದು ಕೆಡುತ್ತಾನೆ. ಚೀಲ ಮಾತ್ರ ಗಟ್ಟಿಯಾಗಿತ್ತು, ಅದನ್ನು ಇಟ್ಟುಕೊಂಡೆ.

ನಿಜವಾದ ಪಂದ್ಯ ಇದ್ದದ್ದು ವಾಂತಿ ಮಾತ್ರೆಗಳ ನಡುವೆ. ಇಲ್ಲಿ ನಾನೇ ಮಾಡಿದ ಒಂದು ತಪ್ಪು ಹೇಳಿಬಿಡುತ್ತೇನೆ. ಮೊದಲ ಸಲ ಅಂಗಡಿಗೆ ಹೋಗಿ ಸುಮ್ನೆ "ವಾಂತಿ ಮಾತ್ರೆ ಕೊಡಿ" ಅಂದೆ. ಕೊಟ್ಟದ್ದು ಆಂಡಾನ್‌ಸೆಟ್ರಾನ್. ಹೊಟ್ಟೆ ಕೆಟ್ಟು ವಾಂತಿಯಾದಾಗ ಅದು ಗಟ್ಟಿಗ. ಆದರೆ ಪ್ರಯಾಣದ ವಾಂತಿ ಹೊಟ್ಟೆಯಲ್ಲಿ ಹುಟ್ಟುವುದೇ ಇಲ್ಲ. ಒಳಕಿವಿ "ಅಲ್ಲಾಡುತ್ತಿದ್ದೇವೆ" ಅನ್ನುತ್ತದೆ, ರೂಮಿನ ಗೋಡೆ ನೋಡುತ್ತಿರುವ ಕಣ್ಣು "ಇಲ್ಲ, ಸುಮ್ಮನೆ ಕೂತಿದ್ದೇವೆ" ಅನ್ನುತ್ತದೆ. ಈ ಜಗಳಕ್ಕೆ ಮಿದುಳು ಕೊಡುವ ತೀರ್ಪು ವಾಂತಿ. ಆ ಜಗಳದಲ್ಲಿ ಆಂಡಾನ್‌ಸೆಟ್ರಾನ್‌ಗೆ ಹೆಚ್ಚು ಕೆಲಸವಿಲ್ಲ. ಚಾರ್ಮಾಡಿಯಲ್ಲಿ ಇದು ನನಗೆ ಚೆನ್ನಾಗಿ ಅರ್ಥವಾಯಿತು, ಕೊಟ್ಟಿಗೆಹಾರ ದಾಟಿ ಹತ್ತು ನಿಮಿಷಕ್ಕೆ. ಈಗ ಅಂಗಡಿಯಲ್ಲಿ "ಪ್ರಯಾಣಕ್ಕೆ" ಅಂತ ಒತ್ತಿ ಹೇಳುತ್ತೇನೆ.

ಪ್ರಯಾಣಕ್ಕೆ ಅಂದರೆ ಸಿಗುವವು ಮುಖ್ಯವಾಗಿ ಎರಡು. ಒಂದು ಪ್ರೊಮೆಥಜಿನ್, ನಮ್ಮಲ್ಲಿ ಅವೋಮಿನ್ ಅಂದರೆ ಎಲ್ಲರಿಗೂ ಗೊತ್ತು. ಇನ್ನೊಂದು ಸಿನ್ನರಿಜಿನ್, ಸ್ಟುಜೆರಾನ್ ಎಂಬ ಹೆಸರಿನಲ್ಲೂ ಬರುತ್ತದೆ.

ಘಾಟಿಯಲ್ಲಿ ಪ್ರೊಮೆಥಜಿನ್ ಎದುರಿಗೆ ಯಾರೂ ನಿಲ್ಲಲಿಲ್ಲ. 25 ಮಿಲಿಗ್ರಾಂ ಮಾತ್ರೆ ಒಂದನ್ನು ಹೊರಡುವ ಒಂದೂವರೆ ಗಂಟೆ ಮೊದಲು ನುಂಗಿದೆ. ಕಣ್ಣು ಬಿಟ್ಟಾಗ ಉಜಿರೆ. ಮಗನಿಗೆ ಡಾಕ್ಟರು ಹೇಳಿದ ಅರ್ಧ ಮಾತ್ರೆ, ಅವನೂ ನನ್ನ ತೊಡೆಯ ಮೇಲೆ ಗೊರಕೆ. ಬಸ್ಸಿನಲ್ಲಿ ನಿದ್ದೆ ಬಂದರೆ ಯಾರಿಗೆ ಬೇಜಾರು? ದಾರಿ ಸಾಗಿದರೆ ಸಾಕು. ಅದನ್ನೇ ನಂಬಿ ಲಕ್ಷದ್ವೀಪಕ್ಕೂ ಒಯ್ದೆ.

ಹಡಗಿನಲ್ಲಿ ಅದೇ ಗುಣ ಶತ್ರುವಾಯಿತು. ಹೊತ್ತಿಗೆ ಸರಿಯಾಗಿ ನುಂಗಿದಾಗ ವಾಂತಿ ಆಗಲಿಲ್ಲ, ನಿಜ. ಆದರೆ ರಾತ್ರಿ ಊಟಕ್ಕೆ ಕೂತವಳು ಸೂಪಿನ ಮುಂದೆ ತೂಕಡಿಸಿದೆ. ಮರುದಿನ ಡೆಕ್ ಮೇಲೆ ಸೂರ್ಯ ಹುಟ್ಟುವುದನ್ನು ಯಜಮಾನರ ಫೋನಿನಲ್ಲಿ ನೋಡಿದೆ. ಬಾಯಿ ಒಣಗಿ ನಾಲಿಗೆ ರಟ್ಟಿನ ಹಾಗೆ. ಬಸ್ಸು ಊರು ತಲುಪಿಸುವ ಸಾಧನ, ಕ್ರೂಸ್‌ನಲ್ಲಿ ಹಡಗೇ ಊರು ಅಲ್ವಾ. ಅಷ್ಟು ದುಡ್ಡು ಕೊಟ್ಟು ನಿದ್ದೆ ಮಾಡಲು ಜಯನಗರದ ಮನೆಯೇ ಸಾಕಿತ್ತು.

ಸಿಂಗಾಪುರದ ಸಲ ಸಿನ್ನರಿಜಿನ್ ಹಿಡಿದೆ. ಇದರಲ್ಲೂ ನಿದ್ದೆ ಇದೆ, ಆದರೆ ಮಧ್ಯಾಹ್ನದ ಊಟದ ನಂತರ ಬರುವಷ್ಟು. ಮನೆಯಲ್ಲಿ ಒಂದು ಭಾನುವಾರ ತೆಗೆದುಕೊಂಡು ನೋಡಿದ್ದೆ, ಇಸ್ತ್ರಿ, ಅಡುಗೆ ಎಲ್ಲ ನಡೆಯಿತು. ಇದಕ್ಕೆ ಅವಸರ ಆಗದು. ಹಡಗು ಹೊರಡುವುದಕ್ಕೆ ಎರಡು ಗಂಟೆ ಮುಂಚೆಯೇ ಹೊಟ್ಟೆಯೊಳಗೆ ಇರಬೇಕು. ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಎರಡೂ ಮಾತ್ರೆ ಹೆಚ್ಚುಕಮ್ಮಿ ದಂಡ. ಎರಡರ ಜೊತೆಗೂ ಮದ್ಯ ಕೂಡದು, ಮಂಪರು ದುಪ್ಪಟ್ಟಾಗುತ್ತದೆ.

ಆದರೆ ಅತ್ತೆಗೆ ಸಿನ್ನರಿಜಿನ್ ಬೇಡ ಅಂದರು ನಮ್ಮ ಡಾಕ್ಟರು. ವಯಸ್ಸಾದವರಲ್ಲಿ ಅದು ಕೈನಡುಕದಂಥ, ಪಾರ್ಕಿನ್ಸನ್ ಹೋಲುವ ತೊಂದರೆ ತರಬಹುದಂತೆ. ಪ್ರೊಮೆಥಜಿನ್ ಕೂಡ ಗ್ಲುಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರಿಗೆ, ಪ್ರಾಸ್ಟೇಟ್ ಊದಿಕೊಂಡವರಿಗೆ ಹೊಂದುವುದಿಲ್ಲ. ಡಾಕ್ಟರ ಚೀಟಿ ಇಲ್ಲದೆ ಸಿಕ್ಕಿತು ಅಂದ ಮಾತ್ರಕ್ಕೆ ಎಲ್ಲರಿಗೂ ಅಲ್ಲ. ನಮ್ಮ ದೇಶದ ಔಷಧ ಕಾಯ್ದೆಯಲ್ಲಿ "ಚೀಟಿ ಬೇಡದ ಔಷಧಿ" ಅಂತ ಪ್ರತ್ಯೇಕ ವರ್ಗವೇ ಇಲ್ಲ. ಅಂಗಡಿಯವರು ಕೊಟ್ಟರು, ನಾವು ತಂದೆವು, ಅಷ್ಟೆ.

ಹಾಗಾಗಿ ಅತ್ತೆ ತಮ್ಮ ಸಂಚಿಯನ್ನೇ ನೆಚ್ಚಿಕೊಂಡರು. ಒಣಶುಂಠಿ ಚೂರು ದವಡೆಗೆ, ನಿಂಬೆಹಣ್ಣು ಮೂಗಿಗೆ. ನಾನು ಒಳಗೊಳಗೇ ನಕ್ಕಿದ್ದೆ. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದೂರದಲ್ಲೇ ನಿಂತು, ಪುಟ್ಟ ದೋಣಿಯಲ್ಲಿ ದಡಕ್ಕೆ ಕರೆದೊಯ್ಯುತ್ತಾರೆ. ಆ ದೋಣಿ ಹಡಗಿಗಿಂತ ಹತ್ತು ಪಾಲು ಕುಣಿಯಿತು. ಸುತ್ತ ಮುಖಗಳು ಹಸಿರಾಗುತ್ತಿದ್ದವು. ಅತ್ತೆ ಶುಂಠಿ ಜಗಿಯುತ್ತಾ ದಡವನ್ನೇ ದಿಟ್ಟಿಸಿ ಕೂತಿದ್ದರು. "ನೋಡೇ, ದೂರದ ಗೆರೆ ನೋಡ್ತಾ ಕೂತ್ಕೋ, ಕೆಳಗೆ ನೋಡ್ಬೇಡ" ಅಂದರು. ಶುಂಠಿಗೆ ಹೊಟ್ಟೆ ತೊಳಸುವುದನ್ನು ಸ್ವಲ್ಪ ತಗ್ಗಿಸುವ ಶಕ್ತಿ ಇರಬಹುದು. ಆದರೆ ಅವತ್ತು ಗೆದ್ದದ್ದು ಆ ಗೆರೆ ಅಂತ ನನ್ನ ಲೆಕ್ಕ. ಕಣ್ಣು ದಿಗಂತ ನೋಡಿದರೆ ಒಳಕಿವಿಯ ಜೊತೆ ಜಗಳ ತಣ್ಣಗಾಗುತ್ತದೆ. ನನ್ನ ಅಂಕಪಟ್ಟಿಯಲ್ಲಿ ಅತ್ತೆಗೆ ಹತ್ತಕ್ಕೆ ಏಳು, ಶುಂಠಿಗೆ ನಾಲ್ಕು. ನಿಂಬೆಹಣ್ಣು ಮೂಸಿದರೆ ಪಕ್ಕದವರ ವಾಂತಿಯ ವಾಸನೆ ತಪ್ಪುತ್ತದೆ, ಅದೇ ದೊಡ್ಡ ಉಪಕಾರ.

ಮಣಿಕಟ್ಟಿನ ಪಟ್ಟಿಯೊಂದನ್ನೂ ಕೊಂಡಿದ್ದೆ. ಒಳಗೆ ಪ್ಲಾಸ್ಟಿಕ್ ಗುಂಡಿ, ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಬಿಟ್ಟು, ಎರಡು ಸ್ನಾಯುರಜ್ಜುಗಳ ನಡುವೆ ಒತ್ತುವ ಹಾಗೆ ಕಟ್ಟಬೇಕು. ಮಗನಿಗೆ ಕಟ್ಟಿದೆ. ಅವನು ಅದನ್ನು ಸೂಪರ್‌ಹೀರೋ ವಾಚು ಅಂತ ತಿಳಿದು ಖುಷಿಯಾಗಿದ್ದ, ವಾಂತಿಯನ್ನೂ ಮಾಡಿದ.

ಇಷ್ಟೆಲ್ಲ ಮಾಡಿಯೂ ಲಕ್ಷದ್ವೀಪದ ಸಲ ಮೊದಲ ಸಂಜೆ ನಾನು ಸೋತದ್ದು ಬೇರೆ ಕಾರಣಕ್ಕೆ. ದೊಡ್ಡ ಬ್ಯಾಗುಗಳನ್ನು ಟರ್ಮಿನಲ್‌ನಲ್ಲೇ ಒಪ್ಪಿಸಬೇಕು. ಅವು ರೂಮಿಗೆ ಬರುವಷ್ಟರಲ್ಲಿ ಗಂಟೆಗಟ್ಟಲೆ ಆಗುತ್ತದೆ. ನನ್ನ ಮಾತ್ರೆ ಡಬ್ಬಿ ಸೂಟ್‌ಕೇಸಿನ ತಳದಲ್ಲಿ, ಸೀರೆಗಳ ಕೆಳಗೆ ಭದ್ರವಾಗಿತ್ತು. ಹಡಗು ಬಂದರು ಬಿಟ್ಟಾಗಿತ್ತು. ಕೊನೆಗೆ ರಿಸೆಪ್ಷನ್‌ನಲ್ಲಿ ಬೇಡಿ ಒಂದು ಮಾತ್ರೆ ತಂದರು ಯಜಮಾನರು, ಹೊತ್ತು ಮೀರಿದ ಮೇಲೆ. ಎರಡನೇ ಸಲ ಡಬ್ಬಿ ನನ್ನ ಹೆಗಲ ಚೀಲದಲ್ಲಿತ್ತು. ರೂಮನ್ನೂ ಕೆಳಗಿನ ಮಹಡಿಯಲ್ಲಿ, ಹಡಗಿನ ನಟ್ಟನಡುವೆ ಕೇಳಿ ತೆಗೆದುಕೊಂಡೆವು. ತೊಟ್ಟಿಲು ತೂಗುವಾಗ ನಡು ಕಡಿಮೆ ಅಲ್ಲಾಡುತ್ತದಲ್ಲ, ಹಾಗೆ.

ಇನ್ನು ಭೇದಿ. ಇಲ್ಲಿ ಪೈಪೋಟಿ ಓಆರ್‌ಎಸ್ ಪುಡಿಗೂ ರೆಡಿ ಡಬ್ಬಿಯ ಸಿಹಿ ಪಾನೀಯಕ್ಕೂ. ಮಗನಿಗೆ ಪ್ಯಾಕೆಟ್ ಪಾನೀಯವೇ ಇಷ್ಟ, ಯಾಕೆಂದರೆ ಅದು ಜ್ಯೂಸಿನ ಹಾಗಿರುತ್ತದೆ. ತೊಂದರೆಯೂ ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರ್ ನೀರಿಗೆ ಗ್ಲೂಕೋಸ್ ಇರುವುದು 13.5 ಗ್ರಾಂ, ಉಪ್ಪು 2.6 ಗ್ರಾಂ. ಸಕ್ಕರೆ ಜಾಸ್ತಿಯಾದರೆ ಭೇದಿ ಇನ್ನೂ ಹೆಚ್ಚಬಹುದು. 2025ರ ಅಕ್ಟೋಬರ್‌ನಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ, ಈ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರೇ ಇರಬಾರದು ಅಂದಿದೆ. ಪುಡಿ ಹಗುರ, ಸೋರುವುದಿಲ್ಲ, ವಿಮಾನದ 100 ಮಿಲಿಲೀಟರ್ ನಿಯಮಕ್ಕೂ ಸಿಕ್ಕುವುದಿಲ್ಲ. ಒಂದೇ ಎಚ್ಚರ: ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿಯಬಾರದು. ಫುಕೆಟ್‌ನಲ್ಲಿ ದಡಕ್ಕಿಳಿದು ಏನೋ ತಿಂದು ಬಂದ ಮಗ ಒಂದೂವರೆ ದಿನ ಇದರಲ್ಲೇ ಸುಧಾರಿಸಿದ, ಮುಖ ಸಿಂಡರಿಸಿಕೊಂಡೇ ಕುಡಿದ.

ಭೇದಿ ಕಟ್ಟುವ ಲೋಪೆರಮೈಡ್ ಕೂಡ ಇತ್ತು ಡಬ್ಬಿಯಲ್ಲಿ, 2 ಮಿಲಿಗ್ರಾಂ. ಅದು ದೊಡ್ಡವರಿಗೆ, ಅದೂ ಬಸ್ಸೋ ವಿಮಾನವೋ ಹತ್ತಲೇಬೇಕಾದಾಗ. ಜ್ವರ ಇದ್ದರೆ, ರಕ್ತ ಬಿದ್ದರೆ ಮುಟ್ಟಬಾರದು. ಮಗನಿಗೆ ಕೊಡುವ ಮಾತೇ ಇಲ್ಲ. ಅತ್ತೆಯ ಓಮದ ಕಷಾಯ ಹೊಟ್ಟೆಯುಬ್ಬರಕ್ಕೆ ಚೆನ್ನಾಗಿತ್ತು. ಹಡಗಿನಲ್ಲಿ ಬಿಸಿನೀರಿಗೆ ಬರವಿಲ್ಲ.

ಸ್ಯಾನಿಟೈಸರ್ ಅರ್ಧ ಲೀಟರ್ ಹೊತ್ತಿದ್ದೆ, ದಂಡ. ಹಡಗುಗಳಲ್ಲಿ ಹೆದರಬೇಕಾದ, ವಾಂತಿಭೇದಿ ಹರಡುವ ನೊರೋವೈರಸ್‌ಗೆ ಆಲ್ಕೋಹಾಲ್ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಸೋಪು, ನೀರು, ಉಜ್ಜುವ ಕೈ, ಇಷ್ಟೇ. ಬಫೆಯಲ್ಲಿ ನೂರು ಜನ ಹಿಡಿದ ಅದೇ ಸೌಟನ್ನು ನೀವೂ ಹಿಡಿಯುತ್ತೀರಿ, ಊಟಕ್ಕೆ ಕೂರುವ ಮೊದಲು ಕೈ ತೊಳೆಯಿರಿ.

ಜ್ವರ, ಮೈಕೈ ನೋವಿಗೆ ಹೋಲಿಕೆ ಮಾಡುವಂಥದ್ದೇನಿಲ್ಲ. ಡೋಲೋ ನಮ್ಮ ಬೆಂಗಳೂರಿನ ಕಂಪನಿಯದು ಅಂತ ಒಂದು ಅಭಿಮಾನ, ಜನೌಷಧಿಯ ಪ್ಯಾರಸಿಟಮಾಲ್ ಅಗ್ಗ, ಒಳಗಿನ ಸರಕು ಒಂದೇ. ಎಚ್ಚರ ಬೇಕಾದದ್ದು ಶೀತದ ಮಾತ್ರೆಗಳಲ್ಲಿ. ಎಷ್ಟೋ ಶೀತದ ಮಾತ್ರೆಗಳ ಒಳಗೆ ಆಗಲೇ ಪ್ಯಾರಸಿಟಮಾಲ್ ಇರುತ್ತದೆ. ಅದರ ಮೇಲೆ ಡೋಲೋ ನುಂಗಿದರೆ ಲೆಕ್ಕ ಎರಡಾಯಿತು. ಜೊತೆಗಿರುವ, ಮೂಗು ಕಟ್ಟಿದ್ದನ್ನು ಬಿಡಿಸುವ ಫಿನೈಲೆಫ್ರಿನ್ ಬಿಪಿ ಏರಿಸಬಹುದು, ಯಜಮಾನರಿಗೆ ಬಿಪಿ ಇದೆ. ಅವರಿಗೆ ಬಿಸಿನೀರಿನ ಹಬೆ, ಮೂಗಿನ ಕೆಳಗೆ ಅಮೃತಾಂಜನ. ಇಲ್ಲಿ ಅತ್ತೆಯ ಸಂಚಿಗೆ ಪೂರ್ತಿ ಅಂಕ. ಕೋಡೀನ್ ಇರುವ ಕೆಮ್ಮಿನ ಸಿರಪ್ ಸಿಂಗಾಪುರಕ್ಕೆ ಒಯ್ಯಲು ಮೊದಲೇ ಅನುಮತಿ ಬೇಕು, ಆ ರಗಳೆಯೇ ಬೇಡ ಅಂತ ಮನೆಯಲ್ಲೇ ಬಿಟ್ಟೆ.

ಪ್ಯಾಕ್ ಮಾಡುವ ರೀತಿಯಲ್ಲೂ ಎರಡು ಪಕ್ಷ. ಯಜಮಾನರು ಎಲ್ಲ ಮಾತ್ರೆ ಬಿಡಿಸಿ ವಾರದ ಪ್ಲಾಸ್ಟಿಕ್ ಡಬ್ಬಿಗೆ ತುಂಬುವ ಪಕ್ಷ. ನೋಡಲು ಅಚ್ಚುಕಟ್ಟು. ಆದರೆ ಎರಡನೇ ದಿನಕ್ಕೆ ಬಿಳಿ ಗುಂಡನೆಯ ಮಾತ್ರೆಗಳಲ್ಲಿ ಯಾವುದು ಅಲರ್ಜಿಯ ಸೆಟ್ರಿಜಿನ್, ಯಾವುದು ಭೇದಿಯ ಲೋಪೆರಮೈಡ್ ಅಂತ ಅವರಿಗೇ ತಿಳಿಯಲಿಲ್ಲ. ಪರದೇಶದ ಕಸ್ಟಮ್ಸ್‌ನವರಿಗೆ ಏನು ಹೇಳುವುದು? ನಾನು ಸ್ಟ್ರಿಪ್ ಪಕ್ಷ. ಅಂಗಡಿಯವರು ನಾಲ್ಕು ಮಾತ್ರೆ ಕತ್ತರಿಸಿ ಕೊಡುವಾಗ ಹೆಸರು, ತಾರೀಕು ಇರುವ ತುದಿ ಅವರ ಬಳಿಯೇ ಉಳಿದುಬಿಡುತ್ತದೆ. "ಅಣ್ಣ, ಹೆಸರಿರೋ ಕಡೆಯಿಂದ ಕತ್ತರಿಸಿ" ಅಂತ ಕೇಳಿದೆ. ಅವರು ನಕ್ಕು, "ಮೇಡಂ, ಪೂರ್ತಿ ಸ್ಟ್ರಿಪ್ಪೇ ತಗೊಳ್ಳಿ" ಅಂದರು. ತೆಗೆದುಕೊಂಡೆ.

ಈಗ ಕೆಂಪು ಚೀಲದೊಳಗೆ ಸಿನ್ನರಿಜಿನ್, ಓಆರ್‌ಎಸ್ ಪುಡಿ, ಪ್ಯಾರಸಿಟಮಾಲ್, ಸೆಟ್ರಿಜಿನ್, ಜೆಲುಸಿಲ್, ಜೊತೆಗೆ ಅತ್ತೆಯ ಸಂಚಿ. ಸೀಟಿಯನ್ನು ಮಗ ತೆಗೆದುಕೊಂಡ. ಮುಂದಿನ ತಿಂಗಳು ಮತ್ತೆ ಧರ್ಮಸ್ಥಳಕ್ಕೆ ಹೊರಟಿದ್ದೇವೆ, ರಾತ್ರಿ ಬಸ್ಸು. ಅದಕ್ಕೆ ಅವೋಮಿನ್ನೇ.